ಚಿನ್ನದ ಮರಕ್ಕೆ ಎರವಲು ಬೇರು

ಅದು 1997ರ ಜನವರಿ 20ರ ರಾತ್ರಿ. ಕೆನಡಾದ ಪಶ್ಚಿಮ ಕರಾವಳಿಯಾಚೆಯ ದ್ವೀಪವೊಂದರಲ್ಲಿ ಗ್ರಾಂಟ್ ಹ್ಯಾಡ್ವಿನ್ ಎಂಬಾತ ಮೈಕೊರೆಯುವ ಚಳಿಯಲ್ಲಿ ಯಾಕೂನ್ ನದಿಯನ್ನು ಈಜಿ ದಾಟಿದ. ಜತೆಯಲ್ಲಿ ಯಂತ್ರದ ಗರಗಸವನ್ನೂ ಎಳೆದುಕೊಂಡು ಹೋಗಿದ್ದ. ಕಾಡಿನ ಕೆಲಸ ಆತನಿಗೆ ಹೊಸದಲ್ಲ. ಮರದ ಕಂಪೆನಿಗಳಿಗಾಗಿ ಕಾಡಿನಲ್ಲಿ ರಸ್ತೆ ಎಲ್ಲಿ ಹಾಯಬೇಕೆಂದು ಗುರುತು ಹಾಕಿಕೊಡುವ ಕೆಲಸವನ್ನು ಆತ ವರ್ಷಗಟ್ಟಲೆ ಮಾಡಿದವನು. ಆ ರಾತ್ರಿ ದಂಡೆಯ ಮೇಲಿದ್ದ ಒಂದೇ ಒಂದು ಮರಕ್ಕೆ ಗರಗಸ ಹಾಕಿದ. ಪೂರ್ತಿ ಕೊಯ್ಯಲಿಲ್ಲ. ಗಾಳಿ ಬೀಸಿದರೆ ತಾನಾಗಿಯೇ ಉರುಳುವಷ್ಟು ಕೊಯ್ದು, ಉಳಿದದ್ದನ್ನು ಹಾಗೆಯೇ ಬಿಟ್ಟು ಬಂದ. ಎರಡು ದಿನ ಕಳೆದ ಮೇಲೆ ಮರ ಬಿತ್ತು.

ಬಿದ್ದದ್ದು ಸುಮಾರು 50 ಮೀಟರ್ ಎತ್ತರದ, ಮುನ್ನೂರು ವರ್ಷಕ್ಕೂ ಹೆಚ್ಚು ವಯಸ್ಸಿನ ಸಿಟ್ಕಾ ಸ್ಪ್ರೂಸ್ ಮರ. ಆ ದ್ವೀಪಗಳಲ್ಲಿ ಸಿಟ್ಕಾ ಸ್ಪ್ರೂಸ್‌ಗೆ ಬರವಿಲ್ಲ. ಆದರೆ ಈ ಮರದ ಎಲೆ ಹಸಿರಾಗಿರಲಿಲ್ಲ, ಹೊನ್ನಿನ ಬಣ್ಣದ್ದಾಗಿತ್ತು. ಕಡು ಹಸಿರು ಕಾಡಿನ ನಡುವೆ, ನದಿಯ ಅಂಚಿನಲ್ಲಿ, ಅಡಿಯಿಂದ ಮುಡಿಯವರೆಗೆ ಬಂಗಾರದ ನೀರಿನಲ್ಲಿ ಅದ್ದಿ ತೆಗೆದಂತೆ ನಿಂತಿದ್ದ ಮರ ಅದು. ಮೂಲನಿವಾಸಿಗಳಾದ ಹೈಡಾ ಜನ ಅದನ್ನು ‘ಕೀದ್‌ಕ್ಯಾಸ್’ ಎಂದು ಕರೆಯುತ್ತಿದ್ದರು. ಹಳೆಯ ಸ್ಪ್ರೂಸ್, ಹಿರಿಯ ಮರ ಎಂಬಂಥ ಅರ್ಥ. ಅವರ ಪಾಲಿಗೆ ಅದು ಮರವಷ್ಟೇ ಆಗಿರಲಿಲ್ಲ.

ಹೈಡಾ ಜನ ಹೇಳುವ ಕತೆ ಹೀಗಿದೆ. ಒಂದು ಊರಿನವರು ಪ್ರಕೃತಿಗೆ ಮಾಡಿದ ಅವಮಾನಕ್ಕೆ ಶಿಕ್ಷೆಯಾಗಿ ಹಿಮ ಬೀಳತೊಡಗಿತು, ನಿಲ್ಲಲೇ ಇಲ್ಲ. ಊರೆಲ್ಲ ಹೂತುಹೋಗಿ ಉಳಿದವರು ಒಬ್ಬ ಅಜ್ಜ, ಒಬ್ಬ ಮೊಮ್ಮಗ. ಇಬ್ಬರೂ ಊರು ಬಿಟ್ಟು ಹೊರಟಾಗ ಅಜ್ಜ ಹುಡುಗನಿಗೆ, ಹಿಂದಕ್ಕೆ ತಿರುಗಿ ನೋಡಬೇಡ ಎಂದು ಎಚ್ಚರಿಸಿದ. ಹುಡುಗ ತಡೆಯಲಾರದೆ ತಿರುಗಿ ನೋಡಿದ. ನೋಡಿದ್ದೇ ತಡ, ಅವನ ಕಾಲು ನೆಲಕ್ಕೆ ಬೇರಿಳಿಯಿತು. ಆ ಹುಡುಗನೇ ಚಿನ್ನದ ಮರ. ದೇವಿಯನ್ನು ಊರಿಗೆ ಕರೆತರುವಾಗ ಭಕ್ತ ಹಿಂದಿರುಗಿ ನೋಡಿ, ಆಕೆ ಅಲ್ಲೇ ನೆಲೆನಿಂತ ಕತೆ ನಮ್ಮ ಎಷ್ಟೋ ಸ್ಥಳಪುರಾಣಗಳಲ್ಲಿ ಇದೆಯಲ್ಲ, ಓದುಗರಿಗೆ ಅದು ನೆನಪಾದರೆ ಆಶ್ಚರ್ಯವಿಲ್ಲ.

ಹ್ಯಾಡ್ವಿನ್ ತನ್ನ ಕೃತ್ಯವನ್ನು ಮುಚ್ಚಿಡಲಿಲ್ಲ. ತಾನೇ ಪತ್ರ ಬರೆದು ಪತ್ರಿಕೆಗಳಿಗೂ ಇತರರಿಗೂ ಫ್ಯಾಕ್ಸ್ ಮಾಡಿದ. ಸುತ್ತಲಿನ ಕಾಡನ್ನೆಲ್ಲ ಬೋಳಿಸಿ ಒಂದೇ ಒಂದು ಮರವನ್ನು ಮುದ್ದಿನ ಸಾಕುಪ್ರಾಣಿಯಂತೆ ಉಳಿಸಿಕೊಂಡು ತೋರಿಸುವುದು ಆಷಾಢಭೂತಿತನ ಎಂಬುದು ಅವನ ವಾದ. ಕಾಡು ಕಡಿಯುವುದರ ವಿರುದ್ಧ ಪ್ರತಿಭಟಿಸಲು ಜನರಿಗೆ ಅತ್ಯಂತ ಪ್ರಿಯವಾದ ಮರವನ್ನೇ ಕಡಿದ ಮನುಷ್ಯನನ್ನು ಏನೆನ್ನಬೇಕೋ! ಫೆಬ್ರವರಿಯಲ್ಲಿ ದ್ವೀಪದ ಮ್ಯಾಸೆಟ್ ಊರಿನ ನ್ಯಾಯಾಲಯಕ್ಕೆ ಹಾಜರಾಗಬೇಕಿತ್ತು. ಹೆಕೇಟ್ ಜಲಸಂಧಿಯನ್ನು ಒಂಟಿಯಾಗಿ ಕಯಾಕ್ ದೋಣಿಯಲ್ಲಿ ದಾಟುತ್ತೇನೆಂದು ಹೊರಟವನು ಮತ್ತೆ ಕಾಣಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಅಲಾಸ್ಕಾದ ನಿರ್ಜನ ದ್ವೀಪವೊಂದರಲ್ಲಿ ಅವನ ಒಡೆದ ದೋಣಿ, ಸಾಮಾನು ಸಿಕ್ಕಿದವು. ಮನುಷ್ಯ ಸಿಗಲಿಲ್ಲ.

ಹೈಡಾ ಜನ ನದಿಯ ಬಳಿ ಸೇರಿ ಮನೆಯವರನ್ನು ಕಳೆದುಕೊಂಡಂತೆ ಮರಕ್ಕಾಗಿ ಶೋಕಿಸಿದರು. ಆ ಸಮುದಾಯಕ್ಕೆ ಸಾವಿನ ಲೆಕ್ಕ ಹೊಸದಲ್ಲ. 1862ರಲ್ಲಿ ಬಂದ ಸಿಡುಬು ಊರೂರುಗಳನ್ನೇ ಬರಿದು ಮಾಡಿತ್ತು. ಅವರ ನೆಲದ ಹೆಸರೂ ಬಹಳ ಕಾಲ ಅವರದ್ದಾಗಿರಲಿಲ್ಲ. ಬ್ರಿಟಿಷ್ ಹಡಗೊಂದರ ನೆನಪಿಗೆ ‘ಕ್ವೀನ್ ಶಾರ್ಲೆಟ್ ದ್ವೀಪಗಳು’ ಎಂದಿದ್ದುದು ಅಧಿಕೃತವಾಗಿ ‘ಹೈಡಾ ಗ್ವಾಯಿ’ ಆದದ್ದು 2010ರಲ್ಲಿ.

ಮರ ಬಿದ್ದ ಸುದ್ದಿಯ ಬೆನ್ನಿಗೇ ಇನ್ನೊಂದು ಸುದ್ದಿ ಹೊರಬಿತ್ತು. 1977ರಲ್ಲೇ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞರು ಆ ಮರದಿಂದ ಕಡ್ಡಿಗಳನ್ನು ಕೊಯ್ದು ಒಯ್ದಿದ್ದರು. ಅವನ್ನು ಸಾಧಾರಣ ಸಿಟ್ಕಾ ಸ್ಪ್ರೂಸ್ ಸಸಿಗಳಿಗೆ ಕಸಿ ಕಟ್ಟಿದ್ದರು. ವ್ಯಾಂಕೂವರ್ ನಗರದ ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ ಹೀಗೆ ಬೆಳೆದ ಎರಡು ಚಿನ್ನದ ಗಿಡಗಳು ಇಪ್ಪತ್ತು ವರ್ಷಗಳಿಂದ ಸದ್ದಿಲ್ಲದೆ ನಿಂತಿದ್ದವು. ಹೈಡಾ ಜನರಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಈಗ ವಿಶ್ವವಿದ್ಯಾಲಯ ಅದರಲ್ಲೊಂದು ಗಿಡವನ್ನು ಅವರಿಗೆ ಕೊಡಲು ಮುಂದೆ ಬಂತು.

ಕಳೆದುಹೋದ ಮರ ಹೀಗೆ ಮರಳಿ ಬರುತ್ತದೆಯೇ? ಬಂದರೆ ಅದು ಅದೇ ಮರವೇ? ಉತ್ತರ ಹುಡುಕಲು ಕಸಿ ಕಟ್ಟುವವರ ಚಾಕುವಿನ ಹತ್ತಿರಕ್ಕೆ ಹೋಗಬೇಕು.

ಮಾವಿನಂತಲ್ಲ ಪೈನ್

ಕಸಿ ನಮಗೆ ಅಪರಿಚಿತವೇನಲ್ಲ. ಬಾದಾಮಿ, ರಸಪುರಿ, ಮಲಗೋವಾಗಳ ಗೊರಟೆ ನೆಟ್ಟರೆ ಹುಟ್ಟುವ ಗಿಡ ತಾಯಿಯಂತೆಯೇ ಹಣ್ಣು ಕೊಡುತ್ತದೆಂಬ ಭರವಸೆಯಿಲ್ಲ. ಹೀಗಾಗಿ ನಾಟಿ ಮಾವಿನ ಸಸಿಯ ಮೇಲೆ ಒಳ್ಳೆಯ ಜಾತಿಯ ಕಡ್ಡಿ ಕೂರಿಸುತ್ತೇವೆ. ಬೇರು ಒಬ್ಬರದು, ಹಣ್ಣು ಇನ್ನೊಬ್ಬರದು. ಚಿನ್ನದ ಸ್ಪ್ರೂಸ್‌ನ ಕತೆಯೂ ಇದೇ. ಅದರ ಬೀಜಕ್ಕೆ ಸುತ್ತಲಿನ ಹಸಿರು ಮರಗಳ ಪರಾಗ ಸೇರಿರುತ್ತದೆ. ಬಿತ್ತಿದರೆ ಚಿನ್ನ ಬರುತ್ತದೆಂದು ಯಾರೂ ಹೇಳಲಾರರು. ಮರವನ್ನು ಇದ್ದಂತೆಯೇ ಉಳಿಸಬೇಕಾದರೆ ಅದರ ದೇಹದ ತುಂಡೊಂದನ್ನೇ ಬದುಕಿಸಬೇಕು.

ಆದರೆ ಪೈನ್, ಸ್ಪ್ರೂಸ್, ಫರ್, ದೇವದಾರುಗಳಂಥ ಸೂಜಿ ಎಲೆಯ ಮರಗಳು ಮಾವಿನಷ್ಟು ಸಲುಗೆ ಕೊಡುವುದಿಲ್ಲ. ಮಾವಿನ ಸಸಿಯ ತಲೆಯನ್ನು ಕಚಕ್ಕನೆ ಕತ್ತರಿಸಿ, ಕಾಂಡ ಸೀಳಿ, ಕಡ್ಡಿ ಸಿಕ್ಕಿಸಬಹುದು. ಪೈನ್ ಸಸಿಯ ತಲೆ ಹಾಗೆ ಕಡಿದರೆ ಅದು ಸಾಮಾನ್ಯವಾಗಿ ಸತ್ತೇ ಹೋಗುತ್ತದೆ. ಎಲೆಯಿಲ್ಲದ ಹಳೆಯ ಕಾಂಡದಿಂದ ಮತ್ತೆ ಚಿಗುರುವ ಶಕ್ತಿ ಈ ಮರಗಳಲ್ಲಿ ಬಹುತೇಕಕ್ಕೆ ಇಲ್ಲ. ಜತೆಗೆ ಗಾಯವಾದಲ್ಲೆಲ್ಲ ಅಂಟು ರಾಳ ಜಿನುಗಿ ಎರಡು ಕಟ್ಟಿಗೆಗಳ ನಡುವೆ ಅಡ್ಡ ನಿಲ್ಲುತ್ತದೆ. ಯುರೋಪಿನಲ್ಲಿ ಸೇಬು, ಪೇರ್ ಹಣ್ಣಿನ ಕಸಿ ಗ್ರೀಕ್, ರೋಮನ್ನರ ಕಾಲದಿಂದ ನಡೆದುಬಂದಿದ್ದರೂ ಪೈನ್ ಕಸಿ ಬಳಕೆಗೆ ಬಂದದ್ದು ಬಹಳ ತಡವಾಗಿ.

ದಾರಿ ತೋರಿಸಿದವರಲ್ಲಿ ಮುಖ್ಯನಾದವನು ಫ್ರಾನ್ಸಿನ ಮೆಟ್ಜ್ ಪಟ್ಟಣದ ಬಳಿಯ ಜಮೀನುದಾರ ಬ್ಯಾರನ್ ಚೂಡಿ. ಗಟ್ಟಿ ಕಟ್ಟಿಗೆಯನ್ನು ಗಟ್ಟಿ ಕಟ್ಟಿಗೆಗೆ ಜೋಡಿಸುವುದರ ಬದಲು ಹುಲ್ಲಿನಷ್ಟು ಮೆತ್ತಗಿರುವ ಎಳೆ ಚಿಗುರಿಗೆ ಎಳೆ ಚಿಗುರನ್ನೇ ಏಕೆ ಜೋಡಿಸಬಾರದು ಎಂದು ಆತ ಯೋಚಿಸಿದ. ವಸಂತದಲ್ಲಿ ಪೈನ್ ಮರದ ತುದಿಯಲ್ಲಿ ಮೇಣದ ಬತ್ತಿಯಂತೆ ನೆಟ್ಟಗೆ ಏಳುವ ಚಿಗುರನ್ನು ಕೈಯಿಂದಲೇ ಮುರಿದು, ಉಳಿದ ತುಂಡನ್ನು ಸೀಳಿ, ಬೇರೆ ಜಾತಿಯ ಅಂಥದೇ ಎಳೆ ಚಿಗುರನ್ನು ಬೆಣೆಯಂತೆ ಇಳಿಸಿ ಉಣ್ಣೆಯ ದಾರದಲ್ಲಿ ಸುತ್ತುವುದು ಈ ವಿಧಾನ. ಸುತ್ತಲಿನ ಕೆಲವು ಎಲೆಗಳನ್ನು ರಸ ಎಳೆಯಲೆಂದು ಹಾಗೆಯೇ ಬಿಡುತ್ತಿದ್ದರು. 1819ರಲ್ಲಿ ಆತ ಇದರ ಬಗ್ಗೆ ಪುಸ್ತಕ ಪ್ರಕಟಿಸಿದ. ಕೆಲವೇ ವರ್ಷಗಳಲ್ಲಿ ಪ್ಯಾರಿಸ್ ಸಮೀಪದ ಫಾಂಟೆನ್‌ಬ್ಲೋ ಅರಣ್ಯದಲ್ಲಿ ಅಧಿಕಾರಿಗಳು ಸ್ಕಾಟ್ಸ್ ಪೈನ್ ಗಿಡಗಳ ಮೇಲೆ ಇನ್ನೂ ನೇರವಾಗಿ, ಎತ್ತರವಾಗಿ ಬೆಳೆಯುವ ಲಾರಿಸಿಯೊ ಪೈನ್‌ನ ಚಿಗುರುಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕಸಿ ಮಾಡಿಸಿದರು. ಇಡೀ ಕಾಡಿನ ತಲೆ ಬದಲಾಯಿಸುವ ಈ ಸಾಹಸವನ್ನು ಓದುವಾಗ, ಏಣಿ ಹಿಡಿದುಕೊಂಡು ಗಿಡದಿಂದ ಗಿಡಕ್ಕೆ ಹೋದ ಆ ಕೂಲಿಗಳ ಹೆಸರು ಯಾರೂ ಬರೆದಿಟ್ಟಿಲ್ಲವಲ್ಲ ಎನಿಸುತ್ತದೆ.

ತೋಟಗಾರರ ಕೈಯಲ್ಲಿ ಬೇರೂರಿದ್ದು ಮಾತ್ರ ಇನ್ನೊಂದು ವಿಧಾನ, ಪಕ್ಕದ ಕಸಿ. ಎರಡು ಮೂರು ವರ್ಷದ ಸಸಿಯನ್ನು ಕುಂಡದಲ್ಲಿ ಬೆಳೆಸಿಕೊಂಡು, ನಡುಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ತರುತ್ತಾರೆ. ಒಳಗಿನ ಬೆಚ್ಚನೆಯ ಹವೆಗೆ ಕೆಲವೇ ವಾರಗಳಲ್ಲಿ ಬೇರಿನ ತುದಿ ಬೆಳ್ಳಗಾಗಿ ಬೆಳೆಯತೊಡಗುತ್ತದೆ. ಬೇರು ಎದ್ದಿರಬೇಕು, ಮೇಲೆ ಕೂರುವ ಕಡ್ಡಿ ಮಾತ್ರ ಇನ್ನೂ ನಿದ್ದೆಯಲ್ಲಿರಬೇಕು. ಈ ಕಸಿಯ ಮರ್ಮ ಇರುವುದೇ ಇಲ್ಲಿ. ಕಡ್ಡಿ ಮೊದಲೇ ಎಚ್ಚೆತ್ತು ಚಿಗುರಿದರೆ ನೀರಿಲ್ಲದೆ ಒಣಗುತ್ತದೆ. ಸಸಿಯ ಕಾಂಡದ ಬುಡದ ಹತ್ತಿರ, ಒಂದು ಪಕ್ಕದಲ್ಲಿ, ತೊಗಟೆಯ ಜತೆ ತುಸು ಕಟ್ಟಿಗೆಯೂ ಬರುವಂತೆ ಒಂದೆರಡು ಅಂಗುಲ ಉದ್ದಕ್ಕೆ ಚಾಕು ಎಳೆಯುತ್ತಾರೆ. ಕಡ್ಡಿಯ ಬುಡವನ್ನೂ ಅದೇ ಅಳತೆಗೆ ಹೆರೆಯುತ್ತಾರೆ. ತೊಗಟೆಗೂ ಕಟ್ಟಿಗೆಗೂ ನಡುವೆ ಕಾಗದದಷ್ಟು ತೆಳ್ಳಗಿನ ಹಸಿ ಪದರವೊಂದಿದೆ. ಮರ ದಪ್ಪಗಾಗುವುದು ಅದರಿಂದಲೇ. ಇಬ್ಬರ ಆ ಪದರ ಒಂದಕ್ಕೊಂದು ತಾಗಿದರೆ ಕಸಿ, ಇಲ್ಲವಾದರೆ ಒಣ ಕಡ್ಡಿ. ಕಡ್ಡಿ ಸಸಿಗಿಂತ ಸಪೂರವಾಗಿದ್ದರೆ ನಡುವೆ ಕೂರಿಸಬಾರದು, ಒಂದು ಅಂಚಿಗೆ ಸರಿಸಿ ಆ ಒಂದು ಕಡೆಯಾದರೂ ಪದರ ಸೇರುವಂತೆ ನೋಡಿಕೊಳ್ಳಬೇಕು. ಮೇಲೆ ರಬ್ಬರ್ ಪಟ್ಟಿ ಬಿಗಿದು, ತೇವ ಆರದಂತೆ ಮುಚ್ಚಿಡುತ್ತಾರೆ.

ಸಸಿಯ ತಲೆ ಹಾಗೆಯೇ ಇರುತ್ತದೆ! ಕಸಿ ಕೂಡುವವರೆಗೆ ಬೇರಿಗೆ ಅನ್ನ ಒದಗಿಸುವುದು ಆ ಹಳೆಯ ತಲೆಯೇ. ಕಡ್ಡಿ ಹಿಡಿದು ಚಿಗುರಿದ ಮೇಲೆ ಸಸಿಯ ಸ್ವಂತ ಕೊಂಬೆಗಳನ್ನು ಒಮ್ಮೆಗೇ ಅಲ್ಲ, ಕಂತು ಕಂತಾಗಿ, ಕೆಲವು ತಿಂಗಳಲ್ಲಿ ಸವರಿ ತೆಗೆಯುತ್ತಾರೆ. ಸಾಕಿದವನನ್ನೇ ಕಡೆಗೆ ಮನೆಯಿಂದ ಹೊರಹಾಕುವ ಈ ಪದ್ಧತಿ ಕ್ರೂರವೆನಿಸಿದರೂ ಬೇರೆ ದಾರಿಯಿಲ್ಲ.

ನೀಲಿ ಬಣ್ಣದ ಹುಚ್ಚು

ಈ ಕೆಲಸವನ್ನು ಕಸುಬಾಗಿ ಬೆಳೆಸಿದ ಊರುಗಳಲ್ಲಿ ನೆದರ್ಲೆಂಡ್ಸ್‌ನ ಬೋಸ್ಕೋಪ್ ದೊಡ್ಡ ಹೆಸರು. ಜವುಗು ನೆಲವನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ, ನಡುವೆ ಕಾಲುವೆ ಬಿಟ್ಟು, ಗಿಡಗಳನ್ನು ದೋಣಿಯಲ್ಲಿ ಸಾಗಿಸುತ್ತಿದ್ದ ನರ್ಸರಿಗಳ ಊರು ಅದು. ಅದರ ಹೆಸರು ಜಗತ್ತಿನ ತೋಟಗಳಿಗೆ ಹಬ್ಬಲು ಕಾರಣವಾದ ಗಿಡಗಳಲ್ಲೊಂದು ನೀಲಿ ಸ್ಪ್ರೂಸ್.

ಇದರ ಮೂಲ ಅಮೆರಿಕದ ರಾಕಿ ಪರ್ವತ. ಸಸ್ಯಸಂಗ್ರಾಹಕ ಚಾರ್ಲ್ಸ್ ಪ್ಯಾರಿ 1862ರಲ್ಲಿ ಕೊಲರಾಡೋದ ಪೈಕ್ಸ್ ಪೀಕ್ ಶಿಖರದಲ್ಲಿ ಈ ಮರವನ್ನು ಕಂಡ. ಹೈಡಾ ಊರುಗಳಿಗೆ ಸಿಡುಬು ತಗುಲಿದ್ದು ಅದೇ ವರ್ಷ. ಎರಡಕ್ಕೂ ಸಂಬಂಧವೇನೂ ಇಲ್ಲ, ಇಸವಿ ಕಣ್ಣಿಗೆ ಬಿತ್ತು ಅಷ್ಟೆ. 1879ರಲ್ಲಿ ಎಂಗಲ್‌ಮನ್ ಎಂಬ ವಿಜ್ಞಾನಿ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟ. ಬೀಜ ಬಿತ್ತಿದರೆ ಸಾಲಿನಲ್ಲಿ ಹಸಿರು ಸಸಿ, ಬೂದು ಸಸಿ, ಅಲ್ಲೊಂದು ಇಲ್ಲೊಂದು ಬೆಳ್ಳಿ ಹೊಳಪಿನ ನೀಲಿ ಸಸಿ. ನೀಲಿ ಎಂದರೆ ಬಣ್ಣವಲ್ಲ, ಎಲೆಯ ಮೇಲಿನ ಮೇಣದ ಲೇಪ. ಬೆರಳಲ್ಲಿ ಉಜ್ಜಿದರೆ ಹೋಗುತ್ತದೆ, ದ್ರಾಕ್ಷಿಯ ಮೇಲಿನ ಬಿಳಿ ಪುಡಿಯ ಹಾಗೆ. ಶ್ರೀಮಂತರಿಗೆ ಬೇಕಾದದ್ದು ಆ ಅಪರೂಪದ ನೀಲಿಯೇ. ಬೋಸ್ಕೋಪಿನ ಕೋಸ್ಟರ್ ಮನೆತನದ ನರ್ಸರಿ ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಅತಿ ನೀಲಿಯಾದ ಗಿಡಗಳನ್ನು ಆರಿಸಿ, ಸಾಧಾರಣ ನಾರ್ವೆ ಸ್ಪ್ರೂಸ್ ಸಸಿಗಳ ಮೇಲೆ ಕಸಿ ಕಟ್ಟಿ ಮಾರಿತು. ‘ಕೋಸ್ಟರ್’ ಎಂಬ ಹೆಸರಿನಲ್ಲೇ ಆ ತಳಿ ಇಂದಿಗೂ ಇದೆ.

ಕೋಸ್ಟರ್ ಗಿಡ ಕೊಂಡವರಿಗೆ ಒಂದು ತಲೆನೋವೂ ಜತೆಗೆ ಬರುತ್ತಿತ್ತು. ಗಿಡ ನೆಟ್ಟಗೆ ಬೆಳೆಯದೆ ಪಕ್ಕಕ್ಕೆ ವಾಲುತ್ತಿತ್ತು. ಮರದ ಪಕ್ಕದ ರೆಂಬೆಯಿಂದ ತೆಗೆದ ಕಡ್ಡಿ, ಬೇರೆ ಬೇರಿನ ಮೇಲೆ ಕೂತು ತಾನೇ ಕಾಂಡವಾಗಬೇಕಾಗಿ ಬಂದಾಗಲೂ, ತಾನು ರೆಂಬೆ ಎಂಬುದನ್ನು ಮರೆಯುವುದಿಲ್ಲ! ಅಡ್ಡಡ್ಡ ಬೆಳೆಯುತ್ತದೆ. ವರ್ಷಗಟ್ಟಲೆ ಕೋಲಿಗೆ ಕಟ್ಟಿ ನಿಲ್ಲಿಸಿದರೆ ಸ್ಪ್ರೂಸ್‌ನಲ್ಲಿ ಕೆಲವು ಕ್ರಮೇಣ ತಲೆ ಎತ್ತುತ್ತವೆ, ಕೆಲವು ಎತ್ತುವುದೇ ಇಲ್ಲ.

ಇದಕ್ಕಿಂತ ಹಟಮಾರಿ ಉದಾಹರಣೆ ನಮ್ಮ ಬೆಂಗಳೂರಿನಲ್ಲೇ ಸಿಗುತ್ತದೆ. ಲಾಲ್‌ಬಾಗಿನಲ್ಲೂ ಹಳೆಯ ಬಂಗಲೆಗಳ ಅಂಗಳದಲ್ಲೂ ಗೋಪುರದಂತೆ ಏಳುವ, ಜನ ‘ಕ್ರಿಸ್‌ಮಸ್ ಗಿಡ’ ಎನ್ನುವ ಅರಕೇರಿಯಾ ಮರಗಳನ್ನು ನೋಡದವರಿಲ್ಲ. ಇವು ದಕ್ಷಿಣ ಪೆಸಿಫಿಕ್‌ನ ದ್ವೀಪಗಳಿಂದ ಬಂದವು. ಪಶ್ಚಿಮಘಟ್ಟದಲ್ಲಿ ಸಹಜವಾಗಿ ಬೆಳೆಯುವ ಈ ವರ್ಗದ ಮರವೆಂದರೆ ಪೊಡೊಕಾರ್ಪಸ್ ಬಳಗದ ಒಂದೇ ಒಂದು, ಅದಕ್ಕೂ ಎಲೆ ಸೂಜಿಯಂತಿಲ್ಲ, ಅಗಲ. ಅರಕೇರಿಯಾದ ತುದಿಯ ಕಡ್ಡಿ ಊರಿದರೆ ನೆಟ್ಟಗಿನ ಮರ ಬರುತ್ತದೆ. ಪಕ್ಕದ ರೆಂಬೆ ಊರಿದರೆ ಬೇರೇನೋ ಬಿಡುತ್ತದೆ, ಆದರೆ ಬದುಕಿರುವವರೆಗೂ ನೆಲದ ಮೇಲೆ ರೆಂಬೆಯಾಗಿಯೇ ಹರಿದಾಡುತ್ತದೆ. ಕೋಲು ಕಟ್ಟಿದರೂ ಬುದ್ಧಿ ಬರುವುದಿಲ್ಲ. ನರ್ಸರಿಯವರು ಇದನ್ನು ಬೀಜದಿಂದಲೋ ತುದಿಯಿಂದಲೋ ಮಾತ್ರ ಬೆಳೆಸುವುದು ಇದೇ ಕಾರಣಕ್ಕೆ.

ಮಾಟಗಾತಿಯ ಪೊರಕೆ

ಅಲಂಕಾರದ ಗಿಡಗಳ ಪೈಕಿ ಇನ್ನೊಂದು ದೊಡ್ಡ ಗುಂಪು ಕುಬ್ಜ ಜಾತಿಗಳದು. ಆಳೆತ್ತರವೂ ಬೆಳೆಯದ ಪೈನ್, ದಿಂಬಿನಂತೆ ದುಂಡಗಿರುವ ಸ್ಪ್ರೂಸ್. ಐರ್ಲೆಂಡಿನಲ್ಲಿ ಬೆಲ್‌ಫಾಸ್ಟ್ ಬಳಿಯ ಮೊಯಿರಾ ಎಸ್ಟೇಟಿನಲ್ಲಿ ಹದಿನೆಂಟನೇ ಶತಮಾನದ ಕೊನೆಯಲ್ಲಿ ಸಿಕ್ಕ ಒಂದು ಗಿಡ್ಡ ಸ್ಪ್ರೂಸ್ ಗಿಡವನ್ನು ಲಾರ್ಡ್ ಕ್ಲಾನ್‌ಬ್ರಾಸಿಲ್ ತನ್ನ ಟಾಲಿಮೋರ್ ತೋಟಕ್ಕೆ ತಂದ. ಅದರ ವಂಶ ಇಂದಿಗೂ ಅವನ ಹೆಸರಿನಲ್ಲಿ ತೋಟಗಳಲ್ಲಿದೆ. ಕೆನಡಾದ ಲಗಾನ್ ಸರೋವರದ ಬಳಿ 1904ರಲ್ಲಿ ಹಾರ್ವರ್ಡ್‌ನ ಆರ್ನಾಲ್ಡ್ ಸಸ್ಯೋದ್ಯಾನದ ಜಾಕ್ ಮತ್ತು ರೇಡರ್ ಎಂಬಿಬ್ಬರ ಕಣ್ಣಿಗೆ ಬಿದ್ದ ಪುಟ್ಟ ಶಂಕುವಿನಾಕಾರದ ಸ್ಪ್ರೂಸ್ ಈಗ ಪಾಶ್ಚಾತ್ಯ ದೇಶಗಳ ಮನೆಬಾಗಿಲ ಕುಂಡಗಳಲ್ಲಿ ಸರ್ವೇಸಾಮಾನ್ಯ. ಒಮ್ಮೊಮ್ಮೆ ಅದರ ಮೈಯಿಂದಲೇ ದೊಡ್ಡ ಮರದ ಒರಟು ರೆಂಬೆಯೊಂದು ದಿಢೀರನೆ ಹೊರಟು, ತನ್ನ ಪೂರ್ವಜರನ್ನು ನೆನಪಿಸುವುದುಂಟು. ಮಾಲೀಕ ಕೂಡಲೇ ಕತ್ತರಿ ತರಬೇಕು.

ಕುಬ್ಜಗಳ ಇನ್ನೊಂದು ಮೂಲ ವಿಚಿತ್ರವಾದದ್ದು. ದೊಡ್ಡ ಮರದ ಎತ್ತರದಲ್ಲೆಲ್ಲೋ ಒಂದು ಮೊಗ್ಗು ದಾರಿ ತಪ್ಪುತ್ತದೆ. ಅಲ್ಲಿಂದ ಕಾಗೆಗೂಡಿನಂತೆ ಒತ್ತೊತ್ತಾದ ಪುಟ್ಟ ರೆಂಬೆಗಳ ಗೊಂಚಲು ಹುಟ್ಟುತ್ತದೆ. ಕೆಲವೊಮ್ಮೆ ಶಿಲೀಂಧ್ರವೋ ಬಂದಳಿಕೆಯೋ ಇದಕ್ಕೆ ಕಾರಣ. ಕೆಲವೊಮ್ಮೆ ಆ ಮೊಗ್ಗಿನ ವಂಶವಾಹಿಯೇ ಬದಲಾಗಿರುತ್ತದೆ. ಯುರೋಪಿನ ಹಳ್ಳಿಗರು ಇದನ್ನು ‘ಮಾಟಗಾತಿಯ ಪೊರಕೆ’ ಎಂದು ಕರೆದರು. ರಾತ್ರಿ ಹಾರಾಡುವ ಮಾಟಗಾತಿಯರು ಬಿಟ್ಟುಹೋದದ್ದಂತೆ. ಬದಲಾದ ಮೊಗ್ಗಿನಿಂದ ಬಂದ ಪೊರಕೆಯ ಕಡ್ಡಿಯನ್ನು ಕಸಿ ಕಟ್ಟಿದರೆ ಸಿಗುವುದು ಶಾಶ್ವತ ಕುಬ್ಜ ಗಿಡ.

ಅಷ್ಟು ಎತ್ತರದಿಂದ ಅದನ್ನು ಇಳಿಸುವುದು ಹೇಗೆ? ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸಿಡ್ನಿ ವಾಕ್ಸ್‌ಮನ್ ಬಂದೂಕು ಹಿಡಿದರು. ಗುರಿಯಿಟ್ಟು ಹೊಡೆದು ಪೊರಕೆಯ ರೆಂಬೆಗಳನ್ನು, ಕಾಯಿಗಳನ್ನು ಕೆಳಗೆ ಬೀಳಿಸುತ್ತಿದ್ದರು. ಪೊರಕೆಯಲ್ಲಿ ಬಿಡುವ ಕಾಯಿಗಳ ಬೀಜ ಬಿತ್ತಿದರೆ ಸುಮಾರು ಅರ್ಧದಷ್ಟು ಸಸಿಗಳು ಕುಬ್ಜ, ಉಳಿದವು ಸಾಧಾರಣ. ಹೀಗೆ ಸಾವಿರಾರು ಸಸಿ ಬೆಳೆಸಿ, ದಶಕಗಟ್ಟಲೆ ಕಾದು, ಚೆನ್ನಾದವನ್ನು ಆರಿಸಿ ಅವರು ಹಲವಾರು ತಳಿಗಳನ್ನು ತೋಟಗಳಿಗೆ ಕೊಟ್ಟರು. 2005ರಲ್ಲಿ ತೀರಿಕೊಂಡರು. ಕೈಗಿಡಲು ಬಂದೂಕು ಬೇಕಾದ ತೋಟಗಾರಿಕೆ ಬೇರೆಲ್ಲಾದರೂ ಇದೆಯೋ ಇಲ್ಲವೋ!

ಕಸಿಯ ಬೇರಿನ ಆಯ್ಕೆಯಲ್ಲೂ ಜಾತಿ, ಗೋತ್ರ ನೋಡಲೇಬೇಕು. ಗೊಂಚಲಿಗೆ ಐದು ಸೂಜಿಯಿರುವ ಪೈನ್‌ಗೆ ಸಾಮಾನ್ಯವಾಗಿ ಐದು ಸೂಜಿಯದೇ ಬೇರು, ಎರಡು ಸೂಜಿಯದಕ್ಕೆ ಎರಡರದು. ಜಪಾನಿನವರು ಮಾತ್ರ ಈ ನಿಯಮ ಮೀರಿ, ಐದು ಸೂಜಿಯ ಬಿಳಿ ಪೈನನ್ನು ಎರಡು ಸೂಜಿಯ ಕಪ್ಪು ಪೈನ್‌ನ ಮೇಲೆ ಕಟ್ಟಿ ಬೋನ್ಸಾಯ್ ಬೆಳೆಸುತ್ತಾರೆ. ಕೆಳಗೆ ಬಿರುಕುಬಿಟ್ಟ ಒರಟು ತೊಗಟೆ, ಮೇಲೆ ನುಣುಪು. ಹಳೆಯ ಕುಂಡದ ಗಿಡಗಳಲ್ಲಿ ಆ ಗಡಿರೇಖೆಯನ್ನು ಬರಿಗಣ್ಣಿಗೇ ಗುರುತಿಸಬಹುದು. ಆಫ್ರಿಕಾದ ಅಟ್ಲಾಸ್ ಪರ್ವತದ ಸೀಡರ್ ಮರದ ಜೋಲು ರೆಂಬೆಯ ನೀಲಿ ತಳಿಯೊಂದಿದೆ. ಅಮೆರಿಕದ ನರ್ಸರಿಗಳಲ್ಲಿ ಅದಕ್ಕೆ ಬೇರು ಕೊಡುವುದು ನಮ್ಮ ಹಿಮಾಲಯದ ದೇವದಾರು ಸಸಿ. ಜನ ಮೆಚ್ಚಿ ನೋಡುವುದು ಮೇಲಿನ ನೀಲಿ ಜಲಪಾತವನ್ನು. ಮಣ್ಣಿನೊಳಗೆ ದುಡಿಯುವುದು ದೇವದಾರು.

ಸಂಬಂಧ ಕೂಡಿದರೂ ಬಾಳಿಕೆ ಬರುತ್ತದೆಂಬ ಖಾತರಿಯಿಲ್ಲ. ಅಮೆರಿಕದ ವಾಯವ್ಯ ರಾಜ್ಯಗಳಲ್ಲಿ ಡಗ್ಲಾಸ್ ಫರ್ ಮರದ ಬೀಜಕ್ಕಾಗಿ ಕಸಿ ತೋಪುಗಳನ್ನು ಬೆಳೆಸಿದಾಗ, ಚೆನ್ನಾಗಿಯೇ ಹಿಡಿದಿದ್ದ ಕಸಿಗಳು ಕೆಲವು ವರ್ಷಗಳ ನಂತರ ಹಳದಿಗೆ ತಿರುಗಿ ಸಾಯತೊಡಗಿದವು. ಅದೇ ಜಾತಿಯ ಬೇರೇ ಅದೇ ಜಾತಿಯ ಕಡ್ಡಿಯನ್ನು ಒಲ್ಲೆ ಎನ್ನುತ್ತಿತ್ತು. ಅಲ್ಲಿನ ಅರಣ್ಯ ಇಲಾಖೆಯ ಡೊನಾಲ್ಡ್ ಕೋಪ್ಸ್ ಎಂಬ ವಿಜ್ಞಾನಿ, ಹೊಂದಿಕೊಳ್ಳುವ ಬೇರುಗಳನ್ನು ಆರಿಸಿ ಬೆಳೆಸುವ ಕೆಲಸಕ್ಕೇ ವರ್ಷಗಟ್ಟಲೆ ಮುಡಿಪಾಗಬೇಕಾಯಿತು.

ನದಿಯ ದಂಡೆಗೆ ಮರಳಿ

ಈಗ ಮತ್ತೆ ಚಿನ್ನದ ಮರಕ್ಕೆ ಬರೋಣ. ಹ್ಯಾಡ್ವಿನ್ ಅದನ್ನು ಕಡಿದದ್ದು ಜನವರಿಯಲ್ಲಿ. ಕಸಿ ಕಟ್ಟುವವರ ಕ್ಯಾಲೆಂಡರಿನಲ್ಲಿ ಕಡ್ಡಿ ಕೊಯ್ಯಲು ಇದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಮರ ನಿದ್ದೆಯಲ್ಲಿತ್ತು. ಬುಡ ಕಡಿದಿದ್ದರೂ ರೆಂಬೆಗಳಿಗೆ ಆ ಸುದ್ದಿ ಇನ್ನೂ ತಲುಪಿರಲಿಲ್ಲ ಎನ್ನಬಹುದು. ಐವತ್ತು ಮೀಟರ್ ಎತ್ತರದಲ್ಲಿದ್ದದ್ದು ಕೈಗೆಟುಕುವ ಎತ್ತರಕ್ಕೆ ಬಂದಿತ್ತು. ಪ್ರಾಂತದ ಅರಣ್ಯ ಸಂಶೋಧಕರು ಬಿದ್ದ ಮರದಿಂದ ಕಡ್ಡಿ ಕೊಯ್ದು, ಹಸಿರು ಸಿಟ್ಕಾ ಸಸಿಗಳ ಮೇಲೆ ಕಸಿ ಕಟ್ಟಿದರು.

ಕಡ್ಡಿಗಳು ಹಿಡಿದವು. ಆದರೆ ಕೋಸ್ಟರ್ ಗಿಡದ ಹಳೆಯ ರೋಗ ಇಲ್ಲೂ ಕಾಡಿತು. ಚಿನ್ನದ ಮರದ ಕಸಿಗಳಿಗೆ ಮರವಾಗುವುದಕ್ಕಿಂತ ರೆಂಬೆಯಾಗಿರುವುದೇ ಇಷ್ಟ. ಅಡ್ಡಡ್ಡ ಚಾಚುತ್ತವೆ, ನಿಧಾನವಾಗಿ ಬೆಳೆಯುತ್ತವೆ. ಪತ್ರಹರಿತು ಕಡಿಮೆಯಿರುವ ಎಲೆ ಬಿಸಿಲಿಗೂ ಸುಲಭವಾಗಿ ಸೋಲುತ್ತದೆ. ಇಂಥ ಬಲಹೀನ ಎಲೆ ಹೊತ್ತ ಒಂದು ಬೀಜಸಸಿ ದಟ್ಟ ಕಾಡಿನ ನೆರಳಿನಲ್ಲಿ ಹಸಿರು ಮರಗಳ ಜತೆ ಪೈಪೋಟಿ ನಡೆಸಿ ಐವತ್ತು ಮೀಟರ್ ಏರಿದ್ದೇ ಸಸ್ಯಶಾಸ್ತ್ರಜ್ಞರಿಗೆ ಅಚ್ಚರಿ. ಕೋಲಿಗೆ ಕಟ್ಟಿಸಿಕೊಂಡ ಕಸಿ ಗಿಡಕ್ಕೆ ಅದನ್ನು ಮತ್ತೊಮ್ಮೆ ಮಾಡಿ ತೋರಿಸು ಎನ್ನುವುದು ಸ್ವಲ್ಪ ಹೆಚ್ಚೇ ಆಯಿತು.

ವಂಶವಾಹಿಯ ಲೆಕ್ಕದಲ್ಲಿ ಕಸಿಯ ಮೇಲ್ಭಾಗ ಅದೇ ಮರ. ಮಗುವಲ್ಲ, ಮೊಮ್ಮಗುವಲ್ಲ, ಅದರ ದೇಹದ್ದೇ ತುಂಡು. ವಯಸ್ಸೂ ಒಂದರ್ಥದಲ್ಲಿ ಮುನ್ನೂರು ವರ್ಷಕ್ಕೂ ಮೇಲೆ. ವಿಜ್ಞಾನಿಗಳಿಗೆ ಇಷ್ಟು ಸಾಕಾಗಬಹುದು. ಆದರೆ ಹಿಂದಕ್ಕೆ ತಿರುಗಿ ನೋಡಿದ ಆ ಹುಡುಗ ಬೇರಿಳಿಸಿದ್ದು ಯಾಕೂನ್ ದಂಡೆಯ ಮಣ್ಣಿನಲ್ಲಿ, ತನ್ನದೇ ಕಾಲಿನಿಂದ. ಕಸಿ ಗಿಡದ ಕಾಲು ಬೇರೆಯವರದು. ಅದೂ ಅಲ್ಲದೆ, ಕೇಳದೆ ಕೊಯ್ದ ಕಡ್ಡಿಯನ್ನು ಇಪ್ಪತ್ತು ವರ್ಷ ಬಿಟ್ಟು ಉಡುಗೊರೆಯಾಗಿ ಮರಳಿಸುವುದರಲ್ಲಿ ಒಂದು ಮುಜುಗರವಿದೆ. 1977ರ ಆ ಕೊಯ್ಲು ದುರುದ್ದೇಶದ್ದಲ್ಲ ಎಂಬುದು ನಿಜ. ಅದು ನಡೆಯದಿದ್ದರೆ ಮರ ಬಿದ್ದ ದಿನ ಎಲ್ಲೂ ಒಂದು ಬದಲಿ ಗಿಡ ಇರುತ್ತಿರಲಿಲ್ಲ ಎಂಬುದೂ ನಿಜ. ಆದರೂ ಒಂದು ಮಾತು ಕೇಳಬಹುದಿತ್ತು ಎಂದೇ ಈ ಲೇಖಕನಿಗೆ ಅನಿಸುತ್ತದೆ.

ಚಿನ್ನದ ಮರ ನಿಂತಿದ್ದ ಜಾಗಕ್ಕೆ ಹತ್ತಿರದ ಊರು ಪೋರ್ಟ್ ಕ್ಲೆಮೆಂಟ್ಸ್. ಮರ ಬಿದ್ದ ವರ್ಷದಲ್ಲೇ ಆ ಊರು ಇನ್ನೊಂದು ಅಪರೂಪವನ್ನೂ ಕಳೆದುಕೊಂಡಿತು. ಅಲ್ಲಿ ಹಾರಾಡಿಕೊಂಡಿದ್ದ ಒಂದು ಬಿಳಿ ಕಾಡುಕಾಗೆ ವಿದ್ಯುತ್ ಆಘಾತಕ್ಕೆ ಸಿಕ್ಕಿ ಸತ್ತಿತು. ಅದನ್ನು ಹದಮಾಡಿ ಊರಿನ ವಸ್ತುಸಂಗ್ರಹಾಲಯದಲ್ಲಿಟ್ಟರು. ಕಾಗೆಗೆ ಕಸಿ ಕಟ್ಟಲಾಗುವುದಿಲ್ಲವಲ್ಲ. ಮರದ ಕಡ್ಡಿಯಿಂದ ಬಂದ ಒಂದು ಕಸಿ ಗಿಡವನ್ನು ಅದೇ ಊರಿನ ಸಣ್ಣ ಉದ್ಯಾನದಲ್ಲಿ ನೆಟ್ಟು, ಸುತ್ತ ಬೇಲಿ ಹಾಕಿದರು. ಇತ್ತ ನದಿಯ ದಂಡೆಯಲ್ಲಿ ಬಿದ್ದ ಮರವನ್ನು ಯಾರೂ ಸಾಗಿಸಲಿಲ್ಲ. ಚಿನ್ನದ ಎಲೆಗಳೆಲ್ಲ ಉದುರಿದ ಮೇಲೆ ಅದರ ದಿಮ್ಮಿಗೂ ಪಕ್ಕದ ಹಸಿರು ಸ್ಪ್ರೂಸ್‌ನ ದಿಮ್ಮಿಗೂ ವ್ಯತ್ಯಾಸ ಉಳಿಯಲಿಲ್ಲ. ಆ ಕಾಡುಗಳಲ್ಲಿ ಬಿದ್ದ ಮರದ ಮೈಮೇಲೆ ಪಾಚಿ ಕಟ್ಟಿ, ಅದರಲ್ಲೇ ಹೊಸ ಸಸಿಗಳು ಬೇರೂರುವುದು ವಾಡಿಕೆ.